ಟೆಂಟಿಗೆ ದುಡ್ಡಿದೆ, ಇ-ಪಾಸಿಗೆ ಪುರುಸೊತ್ತಿಲ್ಲ

ಗುಂಡ್ಲುಪೇಟೆಯವನಾದ ನನಗೆ ಊಟಿ ರಸ್ತೆ ಹೊಸದಲ್ಲ, ನಿಮಗೆ ಗೊತ್ತೇ ಇದೆ. ಆದರೆ ನಿನ್ನೆ ಮೇಲ್ ಗೂಡಲೂರು ಚೆಕ್‌ಪೋಸ್ಟ್‌ನಲ್ಲಿ ತಲೆ ಕೆಟ್ಟುಹೋಯಿತು. ಊಟಿಗೆ ಹತ್ತುವ ಗಾಡಿಗಳ ಇ-ಪಾಸ್, ಅಂದರೆ ಆನ್‌ಲೈನ್‌ನಲ್ಲಿ ಮಾಡಿಕೊಳ್ಳುವ ಅನುಮತಿ, ನೋಡುವ ಜಾಗ ಅದು. ಮುಂದೆ ನಮ್ಮದೇ ಕೆಎ ನಂಬರಿನ ದೊಡ್ಡ ಗಾಡಿ. ಯಜಮಾನರು ಕೆಳಗಿಳಿದು ಡ್ಯೂಟಿಯಲ್ಲಿದ್ದ ಹುಡುಗನ ಮೂಗಿಗೆ ಮೊಬೈಲ್ ಹಿಡಿದು ಕೂಗುತ್ತಿದ್ದರು: "22,000 ಕೊಟ್ಟು ಟೆಂಟ್ ಬುಕ್ ಮಾಡಿದೀನಿ. ಇನ್ನೇನ್ರೀ ಪಾಸು?" ಆ ಹುಡುಗನಿಗೆ ಕನ್ನಡ ಬರದು, ಇವರಿಗೆ ತಮಿಳು ಬರದು. ಹಿಂದೆ ನಾವೆಲ್ಲ ಹಾರ್ನ್ ಕೇಳುತ್ತಾ ಕೂತೆವು.

ಆ ಟೆಂಟಿನ ಫೋಟೋ ನಾನೂ ಇಣುಕಿ ನೋಡಿದೆ. ಮರದ ನೆಲ, ರೂಮ್ ಹೀಟರ್, ಎರಡಾಳು ಉರುಳಾಡುವಂಥ ಮಂಚ, ಕಿಟಕಿ ಪಕ್ಕ ಬಾತ್‌ಟಬ್. ಗೋಡೆ ಮಾತ್ರ ಬಟ್ಟೆಯದು. ಅಷ್ಟಕ್ಕೇ ಟೆಂಟ್! ಸುಮ್ನೆ ಹೊಟ್ಟೆಕಿಚ್ಚು ಅಂದ್ಕೋಬೇಡಿ. ದುಡ್ಡಿದ್ದರೆ ನಾನೂ ಆ ಟಬ್‌ನಲ್ಲಿ ಕಾಫಿ ಕುಡಿಯುವವನೇ.

ಆದರೆ ಇ-ಪಾಸ್ ಪುಕ್ಕಟೆ ಮಾರಾಯ್ರೆ! ಫೋನ್ ನಂಬರ್, ಗಾಡಿ ನಂಬರ್, ಎಷ್ಟು ಜನ, ಯಾವತ್ತಿಂದ ಯಾವತ್ತಿಗೆ, ಎಲ್ಲಿ ಉಳಿಯೋದು. ಇಷ್ಟು ತುಂಬಿದರೆ ಕ್ಯೂಆರ್ ಕೋಡ್ ಬರುತ್ತದೆ. ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ 2024ರ ಮೇ 7ರಿಂದ ಊಟಿಗೂ ಕೊಡೈಕೆನಾಲ್‌ಗೂ ಇದು ಜಾರಿಗೆ ಬಂತು. ಮೊದಲು ಬರೀ ಲೆಕ್ಕ ಇಡೋಕೆ. ಮರುವರ್ಷ ಬೇಸಿಗೆಗೆ ಮಿತಿಯೂ ಬಂತು. ಊಟಿ ಇರುವ ನೀಲಗಿರಿ ಜಿಲ್ಲೆಗೆ ವಾರದ ದಿನ 6,000 ಗಾಡಿ, ವಾರಾಂತ್ಯಕ್ಕೆ 8,000. ಸೀಸನ್‌ನಲ್ಲಿ ದಿನಕ್ಕೆ ಸುಮಾರು 20,000 ಗಾಡಿ ಹತ್ತುತ್ತಿದ್ದ ಬೆಟ್ಟ ಅದು. ಇನ್ನೇನು ಮಾಡಬೇಕಿತ್ತು?

ಇದೇ ಜನ ಯುರೋಪ್ ಸುತ್ತೋಕೆ ಬೇಕಾದ ಷೆಂಗೆನ್ ವೀಸಾಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡ್ತಾರೆ, 30,000 ಯೂರೋ ಕವರ್ ಇರುವ ಇನ್ಶೂರೆನ್ಸ್ ಮಾಡಿಸ್ತಾರೆ, ಬೆರಳಚ್ಚು ಒತ್ತಿ ತೆಪ್ಪಗೆ ಹೊರಗೆ ಬರ್ತಾರೆ. ಅಲ್ಲಿ "ಹೋಟೆಲ್‌ಗೆ ದುಡ್ಡು ಕೊಟ್ಟಿದೀನಿ, ಬಿಡ್ರೀ" ಅಂತ ಕೂಗಿದವರನ್ನು ನಾನಂತೂ ಕಂಡಿಲ್ಲ. ಗೂಡಲೂರಿಗೆ ಬಂದರೆ ಮಾತ್ರ ಮರ್ಯಾದೆ ಹೋಗಿಬಿಡುತ್ತೆ, ಅಲ್ವಾ?

ಹೌದು, ನೀಲಗಿರಿಯ ವ್ಯಾಪಾರಿಗಳಿಗೂ ಈ ಇ-ಪಾಸ್ ಬೇಡ. 2025ರ ಏಪ್ರಿಲ್ 2ರಂದು ಅಂಗಡಿ ಮುಚ್ಚಿ ಬಂದ್ ಮಾಡಿದರು. ಹೊಟ್ಟೆಪಾಡು, ಒಪ್ತೀನಿ. ಆದರೆ ಘಾಟಿಯಲ್ಲಿ ಮೂರು ಗಂಟೆ ಸಾಲಾಗಿ ನಿಂತ ಗಾಡಿಯಿಂದ ಯಾವ ಅಂಗಡಿಗೆ ವ್ಯಾಪಾರ? ಅದೂ ಅಲ್ಲದೆ ನಮ್ಮ ಯಜಮಾನರು ವ್ಯಾಪಾರಿಗಳ ಪರವಾಗಿ ಕೂಗುತ್ತಿರಲಿಲ್ಲ ಬಿಡಿ.

ರೆಸಾರ್ಟಿನವರದ್ದು ಇನ್ನೊಂದು ಕಥೆ. ಹೋದ ವರ್ಷ ನಾನು ಬುಕ್ ಮಾಡಿದ ಒಂದು ಕಡೆಯಿಂದ ಬಂದ ಮೇಲ್‌ನಲ್ಲಿ ಬಾರ್ಬೆಕ್ಯೂ ಟೈಮು, ಕ್ಯಾಂಪ್‌ಫೈರ್ ಟೈಮು, ನಾಯಿಗೆ ಎಕ್ಸ್‌ಟ್ರಾ ಎಷ್ಟು, ಎಲ್ಲ ಇತ್ತು. ದುಡ್ಡು ವಾಪಸ್ ಇಲ್ಲ ಅನ್ನೋದು ದಪ್ಪಕ್ಷರದಲ್ಲಿ. ಇ-ಪಾಸ್ ಬಗ್ಗೆ ಒಂದೇ ಒಂದು ಸಾಲು ಇಲ್ಲ. ಒಂದು ಲಿಂಕ್ ಹಾಕೋಕೆ ಏನು ರೋಗ?

ಅನುಮತಿ ಅಂದರೆ ಬರೀ ಕಿರಿಕಿರಿ ಅನ್ನುವವರಿಗೆ ವಯನಾಡು ನೆನಪಿರಬೇಕು. 2021ರ ಜನವರಿಯಲ್ಲಿ ಮೇಪ್ಪಾಡಿಯ ಒಂದು ರೆಸಾರ್ಟಿನಲ್ಲಿ ಟೆಂಟ್‌ನಲ್ಲಿ ಉಳಿದಿದ್ದ ಮಹಿಳೆಯನ್ನು ಆನೆ ಕೊಂದಿತು. ಲೈಸೆನ್ಸ್ ಇಲ್ಲದ ಟೆಂಟ್‌ಗಳ ಮೇಲೆ ಕ್ರಮ ಶುರುವಾಗಿದ್ದು ಅದಾದ ಮೇಲೆ. ಆಗ ಎಲ್ಲರೂ ಕೇಳಿದ್ದು, "ಇಷ್ಟು ದಿನ ಸರ್ಕಾರ ಏನು ಮಾಡ್ತಿತ್ತು?" ಈಗ ಗೇಟಲ್ಲಿ ಪಾಸ್ ಕೇಳಿದರೆ, "ಸರ್ಕಾರಕ್ಕೆ ಬೇರೆ ಕೆಲಸ ಇಲ್ವಾ?"

ಕೊನೆಗೆ ಹಿಂದಿನ ಸೀಟಲ್ಲಿದ್ದ ಅವರ ಮಗಳೇ ಫೋನ್ ಕಿತ್ಕೊಂಡು ಪಾಸ್ ಮಾಡಿದಳು. ಯಜಮಾನರು ಥ್ಯಾಂಕ್ಸ್ ಕೂಡ ಅನ್ನದೆ ಗಾಡಿ ಹತ್ತಿದರು.

ಸೀಸನ್ ಬಂದರೆ ನನ್ನ ಇನ್‌ಬಾಕ್ಸ್‌ಗೆ ಒಂದೇ ಮೆಸೇಜು: "ನಿಮ್ಮೂರ ಕಡೆಯಲ್ವಾ, ಚೆಕ್‌ಪೋಸ್ಟ್‌ನಲ್ಲಿ ಯಾರಾದ್ರೂ ಪರಿಚಯ ಇದಾರಾ?" ಯಾರೂ ಇಲ್ಲ. ಇದ್ದರೂ ಹೇಳಲ್ಲ.