ಜಪಾನಿನ ಕೊಲೆ, ಶಿವಮೊಗ್ಗದ ಚಿಕ್ಕಪ್ಪ

ತುಂಬಾ ಇಷ್ಟಪಟ್ಟು ಓದಿದ ಪತ್ತೇದಾರಿ ಕಾದಂಬರಿ ಸಿನಿಮಾ ಆಗಿದ್ದರೆ, ಅದನ್ನು ಒಬ್ಬರೇ ನೋಡಬೇಕು. ಬಾಗಿಲು ಹಾಕಿಕೊಂಡು, ಫೋನ್ ಆಫ್ ಮಾಡಿ, ಸಾಧ್ಯವಾದರೆ ನೆಂಟರೇ ಇಲ್ಲದ ಊರಿನಲ್ಲಿ. ನಾನು ನಿನ್ನೆ ರಾತ್ರಿ ನೋಡಿದ್ದು ಚಿಕ್ಕಪ್ಪನ ಜೊತೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾದಂಬರಿ ಕೀಗೋ ಹಿಗಾಶಿನೊ ಅವರ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’. ಜಪಾನಿನಲ್ಲಿ 2005ರಲ್ಲಿ ಬಂತು, ಅಲ್ಲಿನ ದೊಡ್ಡ ನಾವೊಕಿ ಪ್ರಶಸ್ತಿಯನ್ನೂ ಹೊಡೆಯಿತು. 2011ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ನಮ್ಮಂಥವರ ಕೈಗೂ ಸಿಕ್ಕಿತು. ಟೋಕಿಯೊದಲ್ಲಿ ಯಾಸುಕೊ ಅಂತ ಒಬ್ಬಳು ಮಗಳನ್ನು ಕಟ್ಟಿಕೊಂಡು ಬದುಕುತ್ತಿರುತ್ತಾಳೆ, ಬುತ್ತಿ ಮಾರುವ ಅಂಗಡಿಯಲ್ಲಿ ಕೆಲಸ. ಡೈವರ್ಸ್ ಆದ ಗಂಡ ದುಡ್ಡಿಗೆ ಪೀಡಿಸುತ್ತಾ ಮನೆಗೇ ಬರುತ್ತಾನೆ. ಜಗಳ ಜೋರಾಗಿ ತಾಯಿ ಮಗಳು ಸೇರಿ ಅವನನ್ನು ಕೊಂದುಬಿಡುತ್ತಾರೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಇಶಿಗಾಮಿ ಬಂದು, ಮುಂದಿನದ್ದು ನನಗೆ ಬಿಡಿ ಅನ್ನುತ್ತಾರೆ. ಇದೆಲ್ಲ ಶುರುವಿನಲ್ಲೇ ಆಗಿಹೋಗುತ್ತದೆ. ಯಾರು ಕೊಂದರು ಅನ್ನುವುದು ಗುಟ್ಟೇ ಅಲ್ಲ, ಆಮೇಲೆ ಮೇಷ್ಟ್ರು ಏನು ಮಾಡಿದರು ಅನ್ನುವುದೇ ಗುಟ್ಟು. ಮುಂದೆ ಹೇಳುವುದಿಲ್ಲ. ಓದದವರ ಶಾಪ ನನಗೆ ಬೇಡ.

2008ರಲ್ಲಿ ಬಂದ ಜಪಾನಿ ಸಿನಿಮಾವನ್ನು ನೆಮ್ಮದಿಯಾಗಿ ನೋಡಬೇಕು ಅಂತ ಎತ್ತಿಟ್ಟುಕೊಂಡಿದ್ದೆ. ಚಿಕ್ಕಪ್ಪ ಕಣ್ಣು ತೋರಿಸಲು ಬೆಂಗಳೂರಿಗೆ ಬಂದಿದ್ದರು. ಕರೆಂಟ್ ಆಫೀಸಿನಲ್ಲಿದ್ದು ರಿಟೈರ್ ಆದವರು. “ಮರ್ಡರ್ ಕಥೆನಾ? ಹಾಕೇ, ನಾನೂ ನೋಡ್ತೀನಿ” ಅಂದರು.

ಕೊಲೆ ಬಂತು. ಚಿಕ್ಕಪ್ಪ ಕೈ ಎತ್ತಿದರು.

“ನಿಲ್ಸು ನಿಲ್ಸು. ಅದು ಯಾವ ವೈರು?”

ಜಪಾನಿನ ಮನೆಗಳಲ್ಲಿ ಕೊತಾತ್ಸು ಅಂತ ಒಂದಿರುತ್ತದೆ. ಗಿಡ್ಡ ಮೇಜು, ಅದರಡಿಗೆ ಹೀಟರ್, ಮೇಲಿಂದ ಇಳಿಬಿಟ್ಟ ದಪ್ಪ ರಜಾಯಿ. ಚಳಿಗಾಲದಲ್ಲಿ ಮನೆಮಂದಿಯೆಲ್ಲ ಅದರೊಳಗೆ ಕಾಲು ತೂರಿಸಿ ಕೂರುತ್ತಾರೆ. ಆ ಹೀಟರಿನ ವೈರೇ ಇಲ್ಲಿ ಕೊಲೆಯ ಆಯುಧ. ಹೇಳಿದೆ. ಹೇಳಬಾರದಿತ್ತು.

“ರಜಾಯಿ ಒಳಗೆ ಹೀಟರ್ರಾ? ಬೆಂಕಿ ಹತ್ತಲ್ವೇನೇ?”

“ಜಪಾನಿನವರು ಚಿಕ್ಕಪ್ಪ, ಏನೋ ಒಂದು ಮಾಡಿರ್ತಾರೆ.”

“ಅರ್ಥಿಂಗ್?”

ಟಿವಿಯಲ್ಲಿ ಒಬ್ಬ ಮನುಷ್ಯ ಅರ್ಧ ಸತ್ತು ಹಾಗೇ ನಿಂತಿದ್ದಾನೆ. ಚಿಕ್ಕಪ್ಪ ಕನ್ನಡಕ ಒರೆಸಿಕೊಂಡು ಟಿವಿ ಹತ್ತಿರ ಹೋದರು. ಹೆಂಗಸಿನ ಮುಖ ನೋಡಲಿಲ್ಲ, ಸಾಯುವವನ ಮುಖವನ್ನೂ ನೋಡಲಿಲ್ಲ. ವೈರನ್ನೇ ನೋಡಿದರು. “ನೋಡು, ಜಪಾನಿನಲ್ಲಿ 100 ವೋಲ್ಟು. ನಮ್ಮ ಹಾಗೆ 230 ಅಲ್ಲ. ಅಷ್ಟೇ ವಾಟಿನ ಹೀಟರ್ ಓಡಬೇಕು ಅಂದ್ರೆ ಆಂಪಿಯರ್ ಜಾಸ್ತಿ ಎಳೆಯುತ್ತೆ. ಆಂಪಿಯರ್ ಜಾಸ್ತಿ ಅಂದ್ಮೇಲೆ ವೈರು ದಪ್ಪ ಬೇಕು. ಇಷ್ಟು ತೆಳು ವೈರು ಹಾಕಿದ್ದಾರಲ್ಲ, ಮೊದಲು ಅದಕ್ಕೆ ಕೇಸ್ ಹಾಕ್ಬೇಕು.”

ಪ್ಲೇ ಒತ್ತಿದೆ. ಗಂಡ ಸತ್ತ. ಚಿಕ್ಕಪ್ಪ ಹೇಳುತ್ತಲೇ ಇದ್ದರು. ಆ ದೇಶದಲ್ಲಿ ಅರ್ಧಕ್ಕೆ 50 ಹರ್ಟ್ಸ್, ಇನ್ನರ್ಧಕ್ಕೆ 60 ಅಂತೆ. ನಿಜವಂತೆ, ರಾತ್ರಿ ಮಲಗುವ ಮುಂಚೆ ಹುಡುಕಿ ನೋಡಿದೆ. ಸಿನಿಮಾದಲ್ಲೂ ಯುಕಾವಾ ಅಂತ ಒಬ್ಬ ಭೌತವಿಜ್ಞಾನಿ ಬರುತ್ತಾನೆ, ಪೊಲೀಸರು ಕೈಲಾಗದಿದ್ದಾಗ ಅವನ ಹತ್ತಿರ ಓಡುತ್ತಾರೆ. ನಿನ್ನೆ ನನ್ನ ಮನೆಯಲ್ಲಿ ಭೌತವಿಜ್ಞಾನ ಎಷ್ಟು ಹರಿಯಿತೆಂದರೆ ಆ ಬಡಪಾಯಿಗೆ ಮಾತಾಡಲು ಜಾಗವೇ ಉಳಿಯಲಿಲ್ಲ.

ಎಲ್ಲವನ್ನೂ ಚಿಕ್ಕಪ್ಪನ ತಲೆಗೇ ಕಟ್ಟುವುದೂ ಸರಿಯಲ್ಲ. ಸಿನಿಮಾದವರೂ ಕೈವಾಡ ತೋರಿಸಿದ್ದಾರೆ. ಕಾದಂಬರಿಯಲ್ಲಿಲ್ಲದ ಒಬ್ಬ ಮಹಿಳಾ ಪೊಲೀಸ್ ಇಲ್ಲಿದ್ದಾಳೆ. ಇದೇ ಯುಕಾವಾನ ಟಿವಿ ಧಾರಾವಾಹಿಯಲ್ಲಿ ಇದ್ದವಳು, ಅಲ್ಲಿಂದ ಕರೆತಂದಿದ್ದಾರೆ. ಅದು ಹೋಗಲಿ. ಯುಕಾವಾ, ಮೇಷ್ಟ್ರು ಇಬ್ಬರೂ ಹಳೇ ಗೆಳೆಯರು, ಅವರು ಇದ್ದಕ್ಕಿದ್ದಂತೆ ಹಿಮದ ಬೆಟ್ಟ ಹತ್ತತೊಡಗಿದರು! “ಈ ಬೆಟ್ಟ ಪುಸ್ತಕದಲ್ಲಿ ಇಲ್ವೇ ಇಲ್ಲ” ಅಂತ ಕೂಗಿದೆ. “ಮತ್ತೆ ಯಾಕೆ ಹತ್ತಿದ್ರು?” ಅಂತ ಚಿಕ್ಕಪ್ಪ ಕೇಳಿದರು. ಇಡೀ ರಾತ್ರಿಯಲ್ಲಿ ಅವರು ಕೇಳಿದ ಒಂದೇ ಒಂದು ನ್ಯಾಯವಾದ ಪ್ರಶ್ನೆ ಅದು.

ನನಗೆ ಸಮಾಧಾನವಾಗದೇ ಇದ್ದದ್ದು ಮೇಷ್ಟ್ರ ತಲೆ. ಕಾದಂಬರಿಯ ಇಶಿಗಾಮಿಗೆ ದುಂಡು ಮುಖ, ಸಣ್ಣ ಕಣ್ಣು, ಕೂದಲು ಉದುರಿದೆ. ಆ ಕೂದಲನ್ನು ಸುಮ್ನೆ ಉದುರಿಸಿಲ್ಲ, ಒಂದು ಒಳ್ಳೆ ಸುಳಿವು ಅದರ ಮೇಲೇ ನಿಂತಿದೆ. ಸಿನಿಮಾದಲ್ಲಿ ಶಿನಿಚಿ ತ್ಸುತ್ಸುಮಿ ತಲೆ ತಗ್ಗಿಸಿ, ಬೆನ್ನು ಬಗ್ಗಿಸಿ ಎಷ್ಟು ಚೆನ್ನಾಗಿ ನಟಿಸಿದರೂ ತಲೆ ತುಂಬ ಕೂದಲಿದೆ. “ನೋಡೋಕೆ ಲಕ್ಷಣವಾಗಿದ್ದಾನೆ, ಇವನಿಗೆ ಯಾಕೆ ಮದುವೆ ಆಗಿಲ್ಲ?” ಅಂದರು ಚಿಕ್ಕಪ್ಪ. 2023ರ ಹಿಂದಿ ‘ಜಾನೇ ಜಾನ್’ನವರು ಕಥೆಯನ್ನು ಕಾಲಿಂಪಾಂಗ್‌ಗೆ ಹೊತ್ತೊಯ್ದರೂ ಮೇಷ್ಟ್ರ ಬೋಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ಆ ಮಟ್ಟಿಗೆ ಅವರಿಗೆ ನಮಸ್ಕಾರ.

ಕಾದಂಬರಿ ಓದುವಾಗ ನಾನು ಇಶಿಗಾಮಿಗೆ ನಮ್ಮ ಹೈಸ್ಕೂಲಿನ ಲೆಕ್ಕದ ಮೇಷ್ಟ್ರ ಮುಖ ಕೊಟ್ಟಿದ್ದೆ. ಅರ್ಧ ಬೋಳು, ಅಂಗಿ ಜೇಬಿನಂಚಿಗೆ ಯಾವಾಗಲೂ ಸೀಮೆಸುಣ್ಣದ ಪುಡಿ. ನಮ್ಮ ಕಡೆ ನೋಡದೆ ಬೋರ್ಡಿಗೇ ಪಾಠ ಹೇಳುತ್ತಿದ್ದರು, ಕಂಪಾಸ್ ಇಲ್ಲದೆ ಒಂದೇ ಬೀಸಿಗೆ ವೃತ್ತ ಬರೆಯುತ್ತಿದ್ದರು. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಪುಸ್ತಕ ತೆರೆದಾಗಲೆಲ್ಲ ಅವರನ್ನೂ ಒಂದು ಸಲ ಕಂಡ ಹಾಗಾಗುತ್ತಿತ್ತು. ಈಗ ಇಶಿಗಾಮಿ ಅಂದರೆ ಬೆನ್ನು ಬಗ್ಗಿಸಿದ ಆ ನಟನೇ ಬಂದು ನಿಲ್ಲುತ್ತಾನೆ. ನಮ್ಮ ಮೇಷ್ಟ್ರನ್ನು ಎಲ್ಲಿಗೆ ಕಳಿಸಿದನೋ ಗೊತ್ತಿಲ್ಲ.

ಕೊನೆಯ ಅರ್ಧ ಗಂಟೆ ಚಿಕ್ಕಪ್ಪ ಉಸಿರೆತ್ತಲಿಲ್ಲ. ಗೆದ್ದೆ ಅಂದುಕೊಂಡೆ. ಮುಗಿದ ಮೇಲೆ “ಇದು ನಮ್ಮ ರವಿಚಂದ್ರನ್ ‘ದೃಶ್ಯ’ ಅಲ್ವಾ?” ಅಂದರು. ಅವರೊಬ್ಬರದ್ದೇ ಅನುಮಾನವಲ್ಲ ಬಿಡಿ. 2013ರಲ್ಲಿ ಮಲಯಾಳದ ‘ದೃಶ್ಯಂ’ ಬಂದಾಗಲೂ ಈ ಕಾದಂಬರಿಯ ಹೆಸರು ಎತ್ತಿ ಗಲಾಟೆ ಆಗಿತ್ತು, ನಿರ್ದೇಶಕ ಜೀತು ಜೋಸೆಫ್ ಹಾಗೇನಿಲ್ಲ ಅಂದಿದ್ದರು. ಹೆಣ ಬಚ್ಚಿಡುವ ಕಥೆಗಳೆಲ್ಲ ಒಂದೇ ಅಲ್ಲ ಅಂತ ಚಿಕ್ಕಪ್ಪನಿಗೆ ಹನ್ನೆರಡು ಗಂಟೆ ರಾತ್ರಿಯಲ್ಲಿ ಯಾರು ಹೇಳುತ್ತಾರೆ?

ಇವತ್ತು ಬೆಳಿಗ್ಗೆ ಉಪ್ಪಿಟ್ಟಿನ ಹೊತ್ತಿಗೆ ಶಿವಮೊಗ್ಗದಿಂದ ಅವರ ಸ್ನೇಹಿತರ ಫೋನು. ಕಣ್ಣಿನ ಡಾಕ್ಟರು ಏನಂದರು ಅಂತ ಕೇಳಲು ಪಾಪ. ಚಿಕ್ಕಪ್ಪ ಕಣ್ಣಿನ ವಿಷಯ ಒಂದು ಮಾತಿನಲ್ಲಿ ಮುಗಿಸಿ, ಕಥೆಯನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದರು. ಆ ಕೊನೆಯ ಗುಟ್ಟನ್ನೂ. ಕರೆಂಟ್ ಕಂಬ ಹತ್ತಿದವನಿಗೆ ಕೆಳಗಿನಿಂದ ಕೂಗಿ ಹೇಳುವ ಗಂಟಲಿನಲ್ಲಿ. ಎದುರಿಗೆ ನಮ್ಮನೆಯವರು ಚಮಚ ಹಿಡಿದು ಕೂತಿದ್ದರು. ವರ್ಷಗಟ್ಟಲೆ ಓದಿ ಓದಿ ಅಂತ ಪೀಡಿಸಿದ ಮೇಲೆ ಮೊನ್ನೆ ತಾನೇ ಆ ಪುಸ್ತಕ ಶುರು ಮಾಡಿದ್ದಾರೆ.

“ಸರಿ, ಇನ್ನು ಓದೋದೇನು ಬಂತು” ಅಂತ ಅವರು ಎದ್ದು ಆಫೀಸಿಗೆ ಹೊರಟರು.

ನಾನು ತಪ್ಪಿ ಚೀನಾದವರು, ಕೊರಿಯಾದವರೂ ಇದನ್ನು ಸಿನಿಮಾ ಮಾಡಿದ್ದಾರೆ ಅಂತ ಬಾಯಿಬಿಟ್ಟಿದ್ದೆ. ಕೊರಿಯಾದ್ದರಲ್ಲಿ ಭೌತವಿಜ್ಞಾನಿಯೇ ಇಲ್ಲ, ವಾಂಗಿಬಾತಿನಿಂದ ಬದನೆಕಾಯಿ ಆರಿಸಿ ಎಸೆದ ಹಾಗೆ. ಚಿಕ್ಕಪ್ಪ ಫೋನಿಟ್ಟು, ಉಪ್ಪಿಟ್ಟಿಗೆ ಇನ್ನೊಂದು ಚೂರು ಮೊಸರು ಹಾಕಿಸಿಕೊಂಡು ಅಂದರು:

“ಸಂಜೆ ಆ ಕೊರಿಯಾದ್ದು ಹಾಕೇ. ಅಲ್ಲಿ 220 ವೋಲ್ಟು. ಕೊಲೆ ಸರಿಯಾಗಿ ಆಗಿರುತ್ತೆ.”