ಸನ್ಮಾನದ ಭಾಷಣ ಬೇಡ, ನೆನಪು ಬೇಕು

ಹೆಸರಾಂತ ಲೇಖಕರ ಬದುಕನ್ನು ಅವರನ್ನು ಬಲ್ಲವರ ಮಾತಿನಲ್ಲೇ ಕಟ್ಟಬೇಕು, ಬರೆಯುವವರು ನಡುವೆ ಬಾಯಿ ಹಾಕಬಾರದು ಅಂತ ನಾನು ಓದಿದ ಲೇಖನವೊಂದು ಹೇಳುತ್ತದೆ. ಅರ್ಧ ಒಪ್ಪುತ್ತೇನೆ. ಯಾರ ಮಾತು ಇಡಬೇಕು, ಯಾರದ್ದು ಬಿಡಬೇಕು ಅಂತ ಆರಿಸುವವರು ಆ ಬರೆಯುವವರೇ ಅಲ್ವಾ?

ನಮ್ಮ ರಾಯಚೂರಿನಲ್ಲಿ ಸಾಹಿತಿ ಶಾಂತರಸರ ಬಗ್ಗೆ ಇಂಥ ಕೆಲಸ ಬೇಗ ಆಗಬೇಕು. 1924ರಲ್ಲಿ ಹುಟ್ಟಿ, ಕನ್ನಡದಲ್ಲಿ ಗಜಲ್ ಬರೆದು, 2008ರಲ್ಲಿ ತೀರಿಕೊಂಡವರು. ನಿಜಾಮರ ಕಾಲವನ್ನು ಅವರ ಜೊತೆ ಕಂಡವರು ಈಗ ಎಷ್ಟು ಮಂದಿ ಉಳಿದಿದ್ದಾರು?

ಬರೀ ಸಾಹಿತಿಗಳನ್ನು ಕೇಳಿದರೆ ಸನ್ಮಾನದ ಭಾಷಣವೇ ಸಿಗುತ್ತದೆ. ಮನೆಯವರು, ಪ್ರೆಸ್ಸಿನವರು, ಜಗಳ ಆಡಿದವರು ಯಾರಾದರೂ ಇದ್ದರೆ ಅವರನ್ನೂ ಮಾತಾಡಿಸಿ. ನಮ್ಮ ಕಡೆ ಹಿರಿಯರು ಇಸವಿ ಹೇಳುವುದು ಕಡಿಮೆ. 'ಪೊಲೀಸ್ ಆಕ್ಷನ್ ಆದ ಮ್ಯಾಲ' ಅಂತಾರೆ. ಅಂದರೆ ಭಾರತ ಸೇನೆ ಕಳಿಸಿ ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ಸೇರಿಸಿಕೊಂಡದ್ದು. ಅದು 1948ರ ಸೆಪ್ಟೆಂಬರ್. ಹಾಗಾಗಿ ಹಿಂದಿನದು, ಮುಂದಿನದು ಹೊಂದಿಸಬಹುದು. ಇಬ್ಬರ ಮಾತು ತಾಳೆಯಾಗದಿದ್ದರೆ ಸುಮ್ನೆ ಒಂದನ್ನು ಕತ್ತರಿಸಬೇಡಿ, ಎರಡನ್ನೂ ಇಡಿ. ಆ ಕಾಲದ ಪತ್ರ, ಪತ್ರಿಕೆ ಏನು ಹೇಳುತ್ತವೆ ಅಂತ ಕೆಳಗೆ ಟಿಪ್ಪಣಿ ಹಾಕಿ.

ಮತ್ತೆ, ಮೂಲ ರೆಕಾರ್ಡಿಂಗ್ ಅಳಿಸಬೇಡಿ. ಒಂದು ಪ್ರತಿ ಇಲ್ಲಿನ ಗ್ರಂಥಾಲಯದಲ್ಲೇ ಇರಲಿ. ಕೇಳೋಕೆ ಬೆಂಗಳೂರಿಗೆ ಬನ್ನಿ ಅಂದರೆ ಯಾರು ಹೋಗ್ತಾರೆ?