ಗೋಡೆಯ ಮೇಲಿನ ಗಿಲಕಿ

ಕಳೆದ ದಸರೆಗೆ ಗೊಂಬೆ ನೋಡಲು ಬಂದವರಿಗೆಲ್ಲ ನಾನು ಸೋಫಾ ಮೇಲಿನ ಗೋಡೆಯ ಚಿತ್ರವನ್ನೂ ತೋರಿಸುತ್ತಿದ್ದೆ. ನಾವಿರುವ ಅಮೆರಿಕದಲ್ಲೇ ಇರುವ ರೋವನೋಕ್ ದ್ವೀಪಕ್ಕೆ ಹೋದಾಗ ಕೊಂಡು ತಂದು ಕಟ್ಟು ಹಾಕಿಸಿದ ಹಳೆಯ ಅಚ್ಚಿನ ನಕಲು ಅದು. ಸೋರೆಬುರುಡೆ ಹಿಡಿದ ಒಬ್ಬ ಹೆಂಗಸು, ಪಕ್ಕದಲ್ಲಿ ಅವಳ ಮಗಳು. "ಇಂಗ್ಲಿಷರು ಮೊದಮೊದಲು ಬಂದಾಗ ಇಲ್ಲಿದ್ದ ಜನ. 1585ರಲ್ಲಿ ಕಣ್ಣಾರೆ ಕಂಡು ಬರೆದದ್ದು" ಎಂದು ಹೇಳುತ್ತಿದ್ದೆ. ಚರುಪಿನ ತಟ್ಟೆ ಹಿಡಿದು ನಿಂತಿದ್ದ ನನ್ನ ಮಗಳು ಎಲ್ಲರೆದುರಿಗೇ ಅಂದಳು: "ಇದನ್ನ ಮಾಡಿದವನು ಇಲ್ಲಿಗೆ ಬಂದೇ ಇಲ್ಲ ಅಪ್ಪ."

ಚುರುಕ್ ಎಂದಿತು. ಬಂದವರು ಹೋದ ಮೇಲೆ ಅವಳ ಶಾಲೆಯ ಹಾಳೆ ತೆಗೆಸಿ ನೋಡಿದೆ. ನಾವಿರುವ ನಾರ್ತ್ ಕ್ಯಾರೊಲೈನಾದಲ್ಲಿ ನಾಲ್ಕನೇ ಕ್ಲಾಸಿಗೆ ರಾಜ್ಯದ ಚರಿತ್ರೆ ಕಲಿಸುತ್ತಾರೆ. ಹಾಳೆಯಲ್ಲಿ ಎರಡು ಚಿತ್ರ ಅಕ್ಕಪಕ್ಕ ಇದ್ದವು. ಒಂದು, ಇಂಗ್ಲೆಂಡಿನ ಸರದಾರ ವಾಲ್ಟರ್ ರಾಲಿ ಕಳಿಸಿದ ಹಡಗುಗಳಲ್ಲಿ ಬಂದ ಚಿತ್ರಗಾರ ಜಾನ್ ವೈಟ್ ಪೊಮಿಯೂಕ್ ಎಂಬ ಊರಿನ ತಾಯಿ ಮಗಳನ್ನು ನೋಡಿ ಬರೆದ ಜಲವರ್ಣ. ಇನ್ನೊಂದು ಅದನ್ನೇ ಇಟ್ಟುಕೊಂಡು ಥಿಯೊಡೋರ್ ದ ಬ್ರಿ ಎಂಬ ಯುರೋಪಿನ ಅಚ್ಚುಗಾರ ತಾಮ್ರದ ತಗಡಿನಲ್ಲಿ ಕೊರೆಸಿ, 1590ರಲ್ಲಿ ಫ್ರಾಂಕ್‌ಫರ್ಟಿನಿಂದ ಒಂದೇ ವರ್ಷದಲ್ಲಿ ನಾಲ್ಕು ಭಾಷೆಗಳ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದು. ದ ಬ್ರಿ ಅಮೆರಿಕ ನೋಡಿದವನಲ್ಲ. ನಮ್ಮ ಗೋಡೆಯ ಮೇಲಿದ್ದದ್ದು ಅವನದು.

ಹಾಳೆಯ ಕೆಳಗೆ ಮೂರು ಪ್ರಶ್ನೆ: ಬರೆದವರು ಯಾರು? ಅವರು ಅಲ್ಲಿದ್ದರೇ? ಯಾರಿಗೆ ತೋರಿಸಲು ಬರೆದರು? ಆಮೇಲೆ ವ್ಯತ್ಯಾಸ ಹುಡುಕಬೇಕು. ಮಗಳೂ ನಾನೂ ನೆಲದ ಮೇಲೆ ಕೂತು ಹುಡುಕಿದೆವು. ವೈಟ್ ಖಾಲಿ ಬಿಟ್ಟಿದ್ದ ಹಿನ್ನೆಲೆಯನ್ನು ದ ಬ್ರಿ ತುಂಬಿಸಿದ್ದಾನೆ. ಮುಖಗಳು ಯುರೋಪಿನವರ ಮುಖಗಳಾಗಿವೆ, ಮೈಕಟ್ಟು ರೋಮಿನ ಶಿಲ್ಪದಂತಾಗಿದೆ. ವೈಟ್ ಬರೆದ ಹುಡುಗಿಗೆ ಎಂಟೋ ಹತ್ತೋ ವರ್ಷ ಎಂದು ಅವನೇ ಗುರುತು ಹಾಕಿದ್ದಾನೆ. ಅವಳ ಕೈಯಲ್ಲಿ ಒಂದು ಗೊಂಬೆ, ಇಂಗ್ಲಿಷ್ ದಿರಿಸು ತೊಟ್ಟ ಗೊಂಬೆ. ನಮ್ಮಜ್ಜಿ ಪಟ್ಟದ ಗೊಂಬೆಯ ಪಕ್ಕ ಕೂರಿಸುತ್ತಿದ್ದ ಸೀಮೆ ಗೊಂಬೆ ನೆನಪಾಯಿತು. ಅಚ್ಚಿನಲ್ಲಿ ಅದೇ ಹುಡುಗಿಯ ಇನ್ನೊಂದು ಕೈಗೆ ಗಿಲಕಿಯೂ ಬಂದಿದೆ! ನೂರು ಸಲ ನೋಡಿದ್ದರೂ ಆ ಗಿಲಕಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೂ ಅನುಮಾನ ಬರುತ್ತಿರಲಿಲ್ಲ.

ಏಕೆ ಬರುತ್ತಿರಲಿಲ್ಲ ಎಂದು ನನಗೆ ಗೊತ್ತು. ನಾನು ಓದಿದ್ದು ಮಂಡ್ಯದ ಕಡೆ, ಶ್ರೀರಂಗಪಟ್ಟಣ ಅಷ್ಟು ದೂರವೇನಲ್ಲ. ಟಿಪ್ಪು ಸುಲ್ತಾನನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್ ಒತ್ತೆಯಾಳಾಗಿ ಬರಮಾಡಿಕೊಳ್ಳುವ ಚಿತ್ರ ನಮ್ಮ ಕ್ಲಾಸಿನ ಗೋಡೆಯಲ್ಲಿತ್ತು. ಗೆಳೆಯನೊಬ್ಬ ಎದ್ದು, "ಇದನ್ನ ಯಾರು ಸಾರ್ ಬರೆದಿದ್ದು?" ಎಂದು ಕೇಳಿದ. "ಪರೀಕ್ಷೆಗೆ ಬರಲ್ಲ, ಕೂತ್ಕೊಳೋ" ಎಂದರು ಮೇಷ್ಟ್ರು. ಬಂದದ್ದು ಬಿಟ್ಟ ಸ್ಥಳ ತುಂಬಿ: ಒಪ್ಪಂದದ ವರ್ಷ 1792, ದಂಡ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ. ತುಂಬಿದೆವು, ನಂಬರ್ ತಗೊಂಡೆವು.

ಆ ಗೆಳೆಯನ ಪ್ರಶ್ನೆಗೆ ಉತ್ತರ ಹುಡುಕಿದ್ದು ಮೊನ್ನೆ, ಮಗಳು ಮಲಗಿದ ಮೇಲೆ. ಆ ಪ್ರಸಂಗವನ್ನು ಬರೆದವರು ಒಬ್ಬಿಬ್ಬರಲ್ಲ. ರಾಬರ್ಟ್ ಹೋಮ್ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದಿದ್ದವನು. ಮೇದರ್ ಬ್ರೌನ್ ಎಂಬುವನು ಬಾಸ್ಟನ್ನಿನಲ್ಲಿ ಹುಟ್ಟಿ ಲಂಡನ್ನಿನಲ್ಲಿದ್ದ ಚಿತ್ರಗಾರ, ಇಂಡಿಯಾಕ್ಕೆ ಬಾರದೆ ಬರೆದ. ಅವನ ಚಿತ್ರವೂ ಅಚ್ಚಾಗಿ ಇಂಗ್ಲಿಷರ ಮನೆಗಳಲ್ಲಿ ತೂಗಿತು. ನಮ್ಮ ಕ್ಲಾಸಿನ ಗೋಡೆಯಲ್ಲಿದ್ದದ್ದು ಯಾರದು? ಮಕ್ಕಳ ಕೈ ಹಿಡಿದ ದೊರೆಯ ದೊಡ್ಡಸ್ತಿಕೆ ತೋರಿಸಲೆಂದು ಬರೆದ ಚಿತ್ರವನ್ನು, ಅದು ನಡೆದ ನೆಲದ ಹುಡುಗರು ಹಾಗೇ ನಂಬಿ ಬೆಳೆದೆವಲ್ಲ ಎಂದು ಸಂಕಟವಾಯಿತು. ಒಂದು ಪ್ರಶ್ನೆಗೆ ಜಾಗ ಕೊಡಲು ದುಡ್ಡು ಬೇಕಿರಲಿಲ್ಲ, ಕಟ್ಟಡ ಬೇಕಿರಲಿಲ್ಲ. ಇಲ್ಲಿ ಒಂಬತ್ತು ವರ್ಷದ ಮಗು ಕೇಳುವುದನ್ನು ನಮ್ಮಲ್ಲಿ ಡಿಗ್ರಿ ಮುಗಿದರೂ ಕೇಳಿಸಲಿಲ್ಲ. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಭಾನುವಾರ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅಮ್ಮ ಚಿತ್ರದ ಮಾತೇ ಎತ್ತಲಿಲ್ಲ. "ನಿಮ್ಮಜ್ಜಿ ಆ ಮಕ್ಕಳ ಕಥೆ ಹೇಳ್ತಿದ್ರಲ್ಲ, ಮರೆತೆಯಾ?" ಎಂದಳು. ಮರೆತಿದ್ದೆ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಜಾತ್ರೆಯಲ್ಲಿ ಲಾವಣಿಯವರ ಬಾಯಲ್ಲಿ ಕೇಳಿದ್ದನ್ನು ತನ್ನದೇ ಮಾತಿನಲ್ಲಿ ಹೇಳುತ್ತಿದ್ದಳು. ಅವಳ ಕಥೆಯಲ್ಲಿ ಕಾರ್ನ್‌ವಾಲಿಸ್ ಇರಲಿಲ್ಲ. ಬಾಗಿಲಲ್ಲಿ ನಿಂತ ತಾಯಿ ಇದ್ದಳು. "ಪರದೇಶದೋರ ಡೇರೆಯಲ್ಲಿ ಆ ಮಕ್ಕಳು ರಾತ್ರಿ ಏನು ಉಂಡವೋ" ಎಂದು ಅಲ್ಲಿಗೆ ನಿಲ್ಲಿಸುತ್ತಿದ್ದಳು.

ಪೊಮಿಯೂಕಿನ ಹುಡುಗಿಗೆ ಅಂಥ ಅಜ್ಜಿಯ ಮಾತು ಉಳಿದಿಲ್ಲ, ಇದನ್ನು ಒಪ್ಪಲೇಬೇಕು. ವೈಟ್ ಜೊತೆಗಿದ್ದ ಥಾಮಸ್ ಹ್ಯಾರಿಯಟ್ ಅಲ್ಲಿನ ಮ್ಯಾಂಟಿಯೋ ಎಂಬುವನಿಂದ ಆ ಜನರ ಭಾಷೆ ಕಲಿತು, ಅದನ್ನು ಬರೆಯಲು ಲಿಪಿಯನ್ನೇ ಕಟ್ಟಿದ್ದ. ಇಂಗ್ಲೆಂಡಿನಿಂದ ತಂದ ಗೊಂಬೆಗಳೆಂದರೆ ಆ ಮಕ್ಕಳಿಗೆ ಬಲು ಇಷ್ಟ ಎಂದೂ ಬರೆದ. ಇವತ್ತು ಮ್ಯಾಂಟಿಯೋ ಹೆಸರಿನ ಊರಿದೆ, ಆ ಭಾಷೆ ಮನೆಮಾತಾದ ಮನೆ ಒಂದೂ ಇಲ್ಲ. ಪ್ರಶ್ನೆ ಕೇಳಲು ಇಲ್ಲಿ ಉಳಿದಿರುವುದು ಇಂಗ್ಲಿಷರ ಚಿತ್ರ, ಇಂಗ್ಲಿಷರ ಬರಹ.

ಈಗ ಗೋಡೆಯ ಮೇಲೆ ಎರಡೂ ಇವೆ. ಕಟ್ಟು ಹಾಕಿದ್ದರ ಪಕ್ಕದಲ್ಲಿ ವೈಟ್‌ನ ಚಿತ್ರವನ್ನು ಮಗಳು ಟೇಪು ಹಾಕಿ ಅಂಟಿಸಿದ್ದಾಳೆ. ಅಂಟಿಸುತ್ತ, "ಇವಳು ಗೊಂಬೆಗೆ ಏನಂತ ಕರೀತಿದ್ಲು ಅಪ್ಪ?" ಎಂದು ಕೇಳಿದಳು. ಹಾಳೆಯಲ್ಲಿ ಆ ಪ್ರಶ್ನೆ ಇರಲಿಲ್ಲ.